ಬಾಯಲ್ಲಿ ನೀರು, ತಲೆಯಲ್ಲಿ ಮಗ್ಗಿ

"ಮೀರೇನಾ ಆ ಮೌಶಿ?"

ಫೋನಿನಲ್ಲಿ ಹೆಂಗಸಿನ ಗಡಸು ದನಿ. ಆ ಮೌಶಿ ನೀವೇನಾ ಅಂತ ತೆಲುಗಿನಲ್ಲಿ ವಿಚಾರಣೆ. ಹಿಂದಿನಿಂದ ಸ್ಕೂಲಿನ ಬೆಲ್ಲು, ಮಕ್ಕಳ ಗಲಾಟೆ. ಫೆಬ್ರವರಿಯ ಒಂದು ಮಧ್ಯಾಹ್ನ. ನಾನು ತಟ್ಟೆಯಲ್ಲಿ ಮೊಸರನ್ನ ಕಲೆಸಿಕೊಂಡು ಟೀವಿ ಮುಂದೆ ಕೂತಿದ್ದೆ. (ಒಂಟಿ ಹೆಂಗಸರು ಊಟದ ಮೇಜಿನ ಹತ್ತಿರ ಹೋಗುವುದಿಲ್ಲ. ಯಾಕೆ ಅಂತ ಒಂಟಿ ಹೆಂಗಸರಿಗೆ ಮಾತ್ರ ಗೊತ್ತು.)

ನನಗೆ ಮದುವೆಯಾಗಿಲ್ಲ. ಮಕ್ಕಳಿಲ್ಲ. ಯಾವ ಸ್ಕೂಲಿನವರಿಗೂ ನನ್ನ ನಂಬರ್ ಬೇಕಾಗಿಲ್ಲ. ರಾಂಗ್ ನಂಬರ್ ಅಂತ ಹೇಳಿ ಇಡಬೇಕು ಅನ್ನುವಷ್ಟರಲ್ಲಿ ದನಿ ಮುಂದುವರಿಯಿತು.

"ಗೌರಿ, ಸೆವೆಂತ್ ಕ್ಲಾಸ್. ಎಗ್ಜಾಮ್ ಹಾಲ್‌ಲೋ ಮಂತ್ರಾಲು ಚದುವುತೋಂದಿ. ಒಚ್ಚಿ ಮಾಟ್ಲಾಡಂಡಿ."

ಗೌರಿ ಪರೀಕ್ಷೆಯ ಹಾಲಿನಲ್ಲಿ ಮಂತ್ರ ಓದುತ್ತಿದ್ದಾಳಂತೆ. ನಾನು ಬಂದು ಮಾತಾಡಬೇಕಂತೆ.

ಮೊಸರನ್ನದ ಮೇಲೆ ತಟ್ಟೆ ಮುಚ್ಚಿ, ಸೀರೆ ಸರಿ ಮಾಡಿಕೊಂಡು ಆಟೋ ಹಿಡಿದೆ. ಗೌರಿ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಹುಡುಗಿ. ಅವಳ ಅಪ್ಪ ಬಸವರಾಜ ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಸರಕು ಇಳಿಸುವ ವಿಭಾಗದ ಸೂಪರ್‌ವೈಸರ್, ಶಿಫ್ಟ್ ನೌಕರಿ. ಅಮ್ಮ ಸುಜಾತಾ, ಬೇಗಂ ಬಜಾರಿನ ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಇಬ್ಬರ ಫೋನೂ ಸಿಗದಿದ್ದಾಗ ಹುಡುಗಿ ನನ್ನ ನಂಬರ್ ಕೊಟ್ಟಿದ್ದಳು. ಅವರು ರಾಯಚೂರಿನ ಕಡೆಯವರು, ನಾನು ಕಲಬುರಗಿಯವಳು. ನಮ್ಮ ಕಡೆ ಅಮ್ಮನ ಅಕ್ಕತಂಗಿಯರಿಗೆ ಮೌಶಿ ಅನ್ನುವುದು ರೂಢಿ. ನಾನು ಸುಜಾತಾಗೆ ಅಕ್ಕ, ಗೌರಿಗೆ ಮೌಶಿ. ರಕ್ತಸಂಬಂಧ ಏನೂ ಇಲ್ಲ, ಇಬ್ಬರಿಗೂ ಒಂದೇ ನೀರಿನ ಟ್ಯಾಂಕು, ಅಷ್ಟೇ.

ಆಟೋದಲ್ಲಿ ಹೋಗುವಾಗ ನನಗೆ ಚಿಂತೆಯಾಗಿತ್ತು ಅಂತ ಬರೆಯಬೇಕು. ನಿಜ ಹೇಳಲಾ? ಖುಷಿಯಾಗಿತ್ತು. ಒಂದು ಮಗು ಕಷ್ಟಕ್ಕೆ ಸಿಕ್ಕಿಕೊಂಡು ನನ್ನ ಹೆಸರು ಹೇಳಿದೆ. ಬಾಲಾನಗರದ ಟ್ರಾಫಿಕ್ಕಿನಲ್ಲಿ ಮೊದಲ ಸಲ ಯಾರಿಗೂ ಬೈಯದೆ ಕೂತಿದ್ದೆ.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಗೌರಿ ನಿಂತಿದ್ದಳು. ಎರಡು ಜಡೆ, ಮೂಗಿನ ತುದಿ ಕೆಂಪು. ಫೋನ್ ಮಾಡಿದ ಮೇಡಂ ಅವತ್ತಿನ ಗಣಿತ ಪ್ರೀ-ಫೈನಲ್‌ಗೆ ಸೂಪರ್‌ವೈಸರ್. ಪಾಪ, ಅವರ ತಪ್ಪೇನಿಲ್ಲ. ಹಾಲಿನಲ್ಲಿ ಸೂಜಿ ಬಿದ್ದರೆ ಕೇಳುವಷ್ಟು ಮೌನ. ಅದರ ನಡುವೆ ಒಬ್ಬಳು ತಲೆ ತೂಗಿಕೊಂಡು, ಅರೆ ಕಣ್ಣು ಮುಚ್ಚಿಕೊಂಡು, ರಾಗವಾಗಿ ಏನನ್ನೋ ಹಾಡುತ್ತಿದ್ದಾಳೆ. ತೆಲುಗಲ್ಲ, ಹಿಂದಿಯಲ್ಲ, ಇಂಗ್ಲಿಷಂತೂ ಅಲ್ಲ. ಪಕ್ಕದ ಹುಡುಗಿಗೆ ಗುಟ್ಟಿನ ಭಾಷೆಯಲ್ಲಿ ಉತ್ತರ ಹೇಳುತ್ತಿದ್ದಾಳಾ? ಅಥವಾ ದೇವರನ್ನು ಕರೆಯುತ್ತಿದ್ದಾಳಾ? ಎರಡರಲ್ಲಿ ಯಾವುದಾದರೂ ತಡೆಯಬೇಕಾದ್ದೇ. ಅವಳನ್ನು ಎಬ್ಬಿಸಿ, ಬಾಗಿಲ ಪಕ್ಕದ ಒಂಟಿ ಬೆಂಚಿಗೆ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದಾರೆ.

"ಏನು ಹೇಳಾಕತ್ತಿದ್ದಿ ಗೌರಿ?" ಅಂತ ಕೇಳಿದೆ.

"ಹದಿಮೂರರ ಮಗ್ಗಿ ರೀ ಮೌಶಿ."

ನಾನು ಪ್ರಿನ್ಸಿಪಾಲರಿಗೆ ಹಿಂದಿಯಲ್ಲಿ ವಿವರಿಸಿದೆ. ಅವರು ಹುಡುಗಿಗೆ ಒಮ್ಮೆ ಹೇಳಲು ಹೇಳಿದರು. ಗೌರಿ ಗಂಟಲು ಸರಿ ಮಾಡಿಕೊಂಡು, "ಹದಿಮೂರ್ ಏಳ್ಲೆ ತೊಂಬತ್ತೊಂದು, ಹದಿಮೂರ್ ಎಂಟ್ಲೆ ನೂರಾ ನಾಲ್ಕು" ಅಂತ ಶುರು ಮಾಡಿದಳು. ಸೂಪರ್‌ವೈಸರ್ ಮೇಡಂ ನಕ್ಕುಬಿಟ್ಟರು. "ಕನ್ನಡಮಾ ಇದಿ!" ಅಂತ ಅವಳ ಕೆನ್ನೆ ತಟ್ಟಿದರು. ಪ್ರಿನ್ಸಿಪಾಲರು ಮಾತ್ರ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ್ದು ಇಷ್ಟು: ಮೇಡಂ, ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಬಾಯಿಗೆ ಕೆಲಸವಿಲ್ಲ.

ಉತ್ತರಪತ್ರಿಕೆಗಳನ್ನು ಅಷ್ಟು ಹೊತ್ತಿಗೆ ತೆಗೆದುಕೊಂಡಾಗಿತ್ತು. ಬಾಗಿಲ ಪಕ್ಕ ಕೂತ ಮೇಲೆ ಗೌರಿ ಒಂದು ಲೆಕ್ಕವನ್ನೂ ಬಿಡಿಸಿರಲಿಲ್ಲ.

"ಯಾಕ? ಎಲ್ಲಾ ಬರ್ತಿತ್ತಲ್ಲ?" ಅಂತ ಆಟೋದಲ್ಲಿ ಕೇಳಿದೆ.

"ಬಾಯಿ ಮುಚ್ಚಿದ್ರ ಹಾಡು ನಿಂತಬಿಡ್ತೈತ್ರಿ" ಅಂದಳು. ಆಮೇಲೆ ಮನೆ ಬರುವ ತನಕ ಅತ್ತಳು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಹುಡುಗಿಗೆ ಕನ್ನಡ ಮಗ್ಗಿಯನ್ನು ರಾಗ ಹಾಕಿ ಕಲಿಸಿದ ಪುಣ್ಯಾತ್ಮರು ಯಾರು? ಇನ್ಯಾರು!

ದಸರಾ ರಜೆ ಮುಗಿದ ಮೇಲೆ ಒಂದು ಸಂಜೆ ಸುಜಾತಾ ಮಗಳನ್ನು ಮುಂದೆ ತಳ್ಳಿಕೊಂಡು ನಮ್ಮ ಮನೆಗೆ ಬಂದಳು. "ಅಕ್ಕಾರ, ಈಕಿಗೆ ಲೆಕ್ಕ ಬರ್ತಾವರಿ. ಮನ್ಯಾಗ ಕುಂತ್ರ ಎಲ್ಲಾ ಬಿಡಸ್ತಾಳ. ಪರೀಕ್ಷಾದಾಗ ಪೇಪರ್ ಮುಗಿಯಂಗಿಲ್ಲ. ಸ್ವಲ್ಪ ನೋಡ್ತೀರೇನ್ರಿ?" ಅಂದಳು. ಗಂಡ ಪಟ್ಟು ಹಿಡಿದಿದ್ದಾನಂತೆ. ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಹುಡುಗಿಯನ್ನು ಊರಾಚೆಯ ಯಾವುದಾದರೂ ರೆಸಿಡೆನ್ಶಿಯಲ್ ಸ್ಕೂಲಿಗೆ ಹಾಕುವುದು. ಅಲ್ಲಿ ಬೆಳಿಗ್ಗೆ ಎಬ್ಬಿಸಿ ಓದಿಸುತ್ತಾರೆ, ರಾತ್ರಿ ಮಲಗಿಸುವ ತನಕ ಓದಿಸುತ್ತಾರೆ. ಹೈದರಾಬಾದಿನಲ್ಲಿ ಅಂಥ ಸ್ಕೂಲುಗಳ ಬೋರ್ಡು ನೋಡದೆ ಒಂದು ಫ್ಲೈಓವರ್ ಇಳಿಯಲಾಗುವುದಿಲ್ಲ. ಬೋರ್ಡಿನ ತುಂಬ ಪಾಸ್‌ಪೋರ್ಟ್ ಸೈಜಿನ ಮಕ್ಕಳ ಮುಖಗಳು. ಒಂದು ಮಗುವೂ ನಗುತ್ತಿರುವುದಿಲ್ಲ, ನೀವು ಗಮನಿಸಿದ್ದೀರಾ?

ನಾನು ಟೀಚರ್ ಅಲ್ಲ. ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಡೀ ನೌಕರಿ ಕಳೆದವಳು. ವಿಮಾನದೊಳಗೆ ಕೂರುವ ಸಾಮಾನುಗಳನ್ನು ತಪಾಸಣೆ ಮಾಡಿ ಪಾಸು, ಫೇಲು ಅನ್ನುವುದು ನನ್ನ ಕೆಲಸ. ಹೋದ ವರ್ಷ ರಿಟೈರಾದೆ. ಅಂದಿನಿಂದ ಪಾಸು ಮಾಡಲು, ಫೇಲು ಮಾಡಲು ಮನೆಯಲ್ಲಿ ನಾನು ಮಾಡಿದ ಸಾರು ಬಿಟ್ಟರೆ ಏನೂ ಇರಲಿಲ್ಲ. ಸುಜಾತಾ ಕೇಳಿದ ತಕ್ಷಣ ಹೂಂ ಅಂದುಬಿಟ್ಟೆ.

ಮೊದಲ ವಾರವೇ ರೋಗ ಯಾವುದೆಂದು ಗೊತ್ತಾಯಿತು. ಗೌರಿ ಮೊದಲ ಪ್ರಶ್ನೆಗೇ ಗಂಟು ಬೀಳುವ ಪೈಕಿ. ಕೋನ ಬರೆಯಲು ಹೇಳಿದರೆ ಸಾಕು, ಸ್ಕೇಲಿಟ್ಟು ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಕೋನದ ಒಳಗೆ ಪೆನ್ಸಿಲಿನಿಂದ ಬಣ್ಣ ತುಂಬಿ, ಅದಕ್ಕೊಂದು ಅಂಚು ಹಾಕಿ, ರಂಗೋಲಿ ಮಾಡಿಟ್ಟುಬಿಡುತ್ತಿದ್ದಳು. ಅರ್ಧ ಸಮಯ ಅಲ್ಲೇ ಹೋಯಿತು. ಮಾರ್ಕ್ಸು ಎಷ್ಟು? ಎರಡು. ಬಣ್ಣಕ್ಕೆ ಬೇರೆ ಕೊಡುತ್ತಾರಾ?

"ಮೊದಲ ಪೇಪರ್ ಪೂರ್ತಿ ಓದು. ಪೆನ್ನು ಮುಟ್ಟಬ್ಯಾಡ" ಅಂದೆ. ಓದುತ್ತ ಹೋದಂತೆ ಸುಲಭದ್ದಕ್ಕೆ ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕು. ಸ್ವಲ್ಪ ಯೋಚಿಸಿದರೆ ಬರುತ್ತದೆ ಅನ್ನಿಸಿದ್ದಕ್ಕೆ ಚುಕ್ಕೆ. ನೋಡಿದ ತಕ್ಷಣ ಪುಟ ತಿರುಗಿಸೋಣ ಅನ್ನಿಸಿದರೆ ಅದಕ್ಕೊಂದು ಸೊನ್ನೆ. ಟಿಕ್ ಹಾಕಿದ್ದನ್ನೆಲ್ಲ ಮೊದಲು ಮುಗಿಸು. ಆಗ ಕೈಗೆ ಧೈರ್ಯ ಬರುತ್ತದೆ. ಕೈಗೆ ಬಂದ ಧೈರ್ಯ ನಿಧಾನಕ್ಕೆ ತಲೆಗೂ ಹೋಗುತ್ತದೆ. ತಪ್ಪಾದರೆ ರಬ್ಬರ್ ಹುಡುಕಬೇಡ, ಒಂದು ಗೆರೆ ಎಳೆದು ಮುಂದೆ ಹೋಗು. ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿರುವಷ್ಟು ಸ್ಟೆಪ್ಸ್ ಬರಿ, ಅರ್ಧ ದಾರಿ ನಡೆದವರಿಗೂ ಮಾರ್ಕ್ಸ್ ಕೊಡುತ್ತಾರೆ. (ಜೀವನದಲ್ಲಿ ಕೊಡುವುದಿಲ್ಲ. ಆದರೆ ಏಳನೇ ಕ್ಲಾಸಿನ ಮಗುವಿಗೆ ಅದನ್ನು ಈಗಲೇ ಯಾಕೆ ಹೇಳಬೇಕು?)

ಇನ್ನು ನಮ್ಮ ಕಾರ್ಖಾನೆಯ ಪಾಠ. ಅಳತೆ ಬರೆಯುವ ಮೊದಲು ಒಮ್ಮೆ ಕಣ್ಣಿನಿಂದ ನೋಡು. ಒಂದು ದಿನ ಗೌರಿ, ಕ್ಲಾಸಿನಲ್ಲಿ ಶೇಕಡ ನೂರಾ ನಲವತ್ತು ಹುಡುಗಿಯರಿದ್ದಾರೆ ಅಂತ ಉತ್ತರ ಬರೆದಳು.

"ಇಷ್ಟು ಹುಡಿಗ್ಯಾರು ಎಲ್ಲಿ ಕುಂತಾರ? ಫ್ಯಾನ್ ಮ್ಯಾಲೇನು?" ಅಂದೆ.

ಅವಳು ನಗುತ್ತ ಬಗ್ಗಿ ಬಗ್ಗಿ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಯಾವ ಉತ್ತರ ಬರೆದರೂ ಒಮ್ಮೆ ಫ್ಯಾನಿನ ಕಡೆ ನೋಡುವುದು ಅವಳಿಗೆ ಅಭ್ಯಾಸವಾಯಿತು. ಎಕ್ಸ್ ಏಳು ಅಂತ ಬಂದರೆ ಆ ಏಳನ್ನು ತೆಗೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿ ನೋಡುವುದನ್ನೂ ಕಲಿತಳು. ಮೂರ್ ಏಳ್ಲೆ ಇಪ್ಪತ್ತೊಂದು, ಅದಕ್ಕೆ ಏಳು ಕೂಡಿಸಿದರೆ ಇಪ್ಪತ್ತೆಂಟು. ಪ್ರಶ್ನೆಯಲ್ಲೂ ಇಪ್ಪತ್ತೆಂಟೇ ಇದೆ. ಪಾಸ್.

ಇದೆಲ್ಲ ಸರಿ ಹೋಯಿತು. ಗುಣಾಕಾರದಲ್ಲಿ ಮಾತ್ರ ತಡವರಿಸುತ್ತಿದ್ದಳು. ಸ್ಕೂಲಿನಲ್ಲಿ ಇಂಗ್ಲಿಷ್ ಟೇಬಲ್ಸ್ ಬಾಯಿಪಾಠ ಮಾಡಿಸಿದ್ದರು, ಅದು ಹನ್ನೆರಡಕ್ಕೆ ನಿಂತಿತ್ತು. ಗೆಳತಿಯರ ಜೊತೆ ತೆಲುಗಿನಲ್ಲಿ ಎಣಿಸುತ್ತಾಳೆ, ಅಂಗಡಿಯಲ್ಲಿ ಹಿಂದಿಯಲ್ಲಿ ಕೇಳುತ್ತಾಳೆ, ಮನೆಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಾಳೆ. ಏಳೆಂಟ್ಲೆ ಎಷ್ಟು ಅಂದರೆ ನಾಲ್ಕು ಭಾಷೆಗಳೂ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಳ್ಳುತ್ತಿದ್ದವು.

ನಮ್ಮ ಅಪ್ಪ ನಮಗೆ ಮಗ್ಗಿ ಕಲಿಸಿದ್ದು ಹಾಡಿನಂತೆ. ದೀಪ ಹಚ್ಚಿದ ಮೇಲೆ ಗೋಡೆಗೆ ಒರಗಿ ಕೂತು, ತೊಡೆ ತಟ್ಟುತ್ತ, ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ. ಅದನ್ನೇ ತೆಗೆದೆ. "ಏಳ್ ಎಂಟ್ಲೆ" ಅಂತ ನಾನು. "ಐವತ್ತಾರು" ಅಂತ ಅವಳು. "ಹದಿನೇಳ್ ಆರ್ಲೆ" ಅಂತ ಅವಳು. "ನೂರಾ ಎರಡು" ಅಂತ ನಾನು. ತಪ್ಪಿದವರು ಎದ್ದು ಕಡಲೆಬೀಜದ ಡಬ್ಬಿ ತರಬೇಕು. ಸಂಕ್ರಾಂತಿಯ ಹೊತ್ತಿಗೆ ಹುಡುಗಿ ಇಪ್ಪತ್ತರ ತನಕ ಹಾಡುತ್ತಿದ್ದಳು. ಅವಳು ಹಾಡಿದರೆ ಎದುರು ಮನೆಯ ಬಾಲ್ಕನಿಯಿಂದ ರೆಡ್ಡಿಯವರ ಹೆಂಡತಿ ಇಣುಕಿ ನೋಡುತ್ತಿದ್ದರು.

ಇಲ್ಲೊಂದು ಮಾತು ನಿಮಗೆ ಹೇಳಬೇಕು. ನೀವು ಹಳೆಯ ಓದುಗರು, ಆದರೂ ಇದನ್ನು ಹೇಳಿಲ್ಲ. ಪ್ರತಿ ವಾರ ಈ ಅಂಕಣವನ್ನು ನಾನು ನಿಮಗೆ ಕನ್ನಡದಲ್ಲಿ ಬರೆಯುತ್ತೇನೆ. ಆದರೆ ಗೌರಿ ಬರುವ ಮೊದಲು ಕನ್ನಡದಲ್ಲಿ ಮಾತಾಡುತ್ತಿರಲಿಲ್ಲ, ಮೆಟ್ಟಿಲ ಮೇಲೆ ಸುಜಾತಾ ಸಿಕ್ಕರೆ ಎರಡು ಮಾತು, ಅಷ್ಟೇ. ಇನ್ನು ಮಾತಾಡಲು ಯಾರಿದ್ದರು? ಹಾಲಿನವನ ಜೊತೆ ತೆಲುಗು. ವಾಚ್‌ಮನ್ ಜೊತೆ ಹಿಂದಿ. ಬ್ಯಾಂಕಿನಲ್ಲಿ ಎರಡೂ ಸೇರಿಸಿ. ಅವ್ವ ಇದ್ದಷ್ಟು ದಿನ ಮನೆಯೊಳಗೆ ಕಲಬುರಗಿ ಇತ್ತು. ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ "ಬಂದೇನs, ಚಾ ಇಡ್ಲೇನು?" ಅನ್ನುವವಳಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ಕೆಲವು ದಿನ ಸಂಜೆಯ ಹೊತ್ತಿಗೆ ಫೋನ್ ಬಂದಾಗ ಹಲೋ ಅನ್ನಲು ಹೋದರೆ ಗಂಟಲು ಕಟ್ಟಿರುತ್ತಿತ್ತು. ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ಅನ್ನುವುದು ಆಗ ನೆನಪಾಗುತ್ತಿತ್ತು.

ಅಂಥ ಮನೆಯಲ್ಲಿ ಒಂದು ಹುಡುಗಿ ಸಂಜೆ ಬಂದು ಗಟ್ಟಿಯಾಗಿ ಹದಿನೇಳರ ಮಗ್ಗಿ ಹೇಳುತ್ತಾಳೆ ಅಂದರೆ ಅದೇನು ಸಾಮಾನ್ಯ ವಿಷಯವೇ? ಐದು ಗಂಟೆಗೇ ನಾನು ಚಾಪೆ ಹಾಸಿ ಕೂತಿರುತ್ತಿದ್ದೆ. ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದರೆ ಬಾಗಿಲು ತೆಗೆದಿಡುತ್ತಿದ್ದೆ. ಯಾರಾದರೂ ನೋಡಿದರೆ ಗಾಳಿಗೆ ಅಂತ ಹೇಳುವುದು.

ಆದ್ದರಿಂದ ಪ್ರಿನ್ಸಿಪಾಲರ ಮಾತು ನನಗೆ ನಾಟಿತು. ಕಾರ್ಖಾನೆಯಲ್ಲಿ ನಮಗೆ ಮೊದಲ ದಿನವೇ ಹೇಳಿಕೊಡುವುದು ಒಂದು ವಿಷಯ. ಸಾಮಾನು ಎಂಥ ಜಾಗದಲ್ಲಿ ಕೆಲಸ ಮಾಡಬೇಕೋ ಅಂಥ ಜಾಗದಲ್ಲೇ ಇಟ್ಟು ಅದನ್ನು ಪರೀಕ್ಷಿಸಬೇಕು. ಮೇಲೆ ಹೋಗಿ ಚಳಿಯಲ್ಲಿ ನಡೆಯಬೇಕಾದ್ದನ್ನು ಚಳಿಯ ಪೆಟ್ಟಿಗೆಯಲ್ಲಿಡಬೇಕು. ಅದುರುವ ಕಡೆ ಕೂರಬೇಕಾದ್ದನ್ನು ಅದುರುವ ಮೇಜಿನ ಮೇಲಿಡಬೇಕು. ನಾನು ಮಾತ್ರ ಈ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಕಡಲೆಬೀಜ ಕೊಟ್ಟು, ಹಾಡಿಸಿ, ಮೌನದ ಹಾಲಿಗೆ ಕಳಿಸಿದ್ದೆ. ಒಂದು ದಿನವೂ ಅವಳನ್ನು ಸುಮ್ಮನೆ ಕೂರಿಸಿ ಲೆಕ್ಕ ಮಾಡಿಸಿ ನೋಡಿರಲಿಲ್ಲ. ಮರೆತಿದ್ದೆನಾ? ಇಲ್ಲ. ನನಗೆ ಆ ಸದ್ದು ಬೇಕಾಗಿತ್ತು.

ಗೌರಿಯನ್ನು ಸ್ಕೂಲಿನಿಂದ ಕರೆತಂದ ದಿನ ರಾತ್ರಿ ಬಸವರಾಜ ಕೆಳಗೆ ಬಂದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀವು ಭಾಳ ತ್ರಾಸು ತಗೊಂಡೀರಿ ಅಕ್ಕಾರ. ಆನ್ಯುಯಲ್ ಒಂದು ನೋಡ್ತೀನ್ರಿ. ಆಮ್ಯಾಗ ಹಾಸ್ಟೆಲ್ಲs ಗತಿ" ಅಂದ. ಅವನ ಹಿಂದೆ ಮೆಟ್ಟಿಲ ಮೇಲೆ ಗೌರಿ ಕಂಬಿ ಹಿಡಿದು ನಿಂತಿದ್ದಳು.

ಹುಡುಗಿಯನ್ನು ಉಳಿಸಿಕೊಳ್ಳಬೇಕಾದರೆ ಮನೆಯಲ್ಲಿ ಸದ್ದು ನಿಲ್ಲಿಸಬೇಕಿತ್ತು. ಮರುದಿನದಿಂದಲೇ ಶುರು ಮಾಡಿದೆವು.

ಮೊದಲು ಪಿಸುದನಿ. ಆಮೇಲೆ ದನಿಯಿಲ್ಲದೆ ಬರೀ ತುಟಿ. ಅಷ್ಟರ ತನಕ ಬಂದಳು. ತುಟಿ ಮುಚ್ಚು ಅಂದರೆ ಸಿಕ್ಕಿಬೀಳುತ್ತಿದ್ದಳು. ತುಟಿ ಮುಚ್ಚಿದರೂ ನಾಲಗೆ ಒಳಗೆ ಓಡಾಡುತ್ತಿತ್ತು, ಸ್ವಲ್ಪ ಹೊತ್ತಿಗೆ ದನಿ ಹೊರಗೆ ಜಾರುತ್ತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಬಾಯಿ ತುಂಬ ನೀರು ತುಂಬಿಕೊಂಡು ಲೆಕ್ಕ ಮಾಡು. ನುಂಗಬಾರದು, ಉಗುಳಬಾರದು.

ಗೌರಿ ಕೆನ್ನೆ ಉಬ್ಬಿಸಿಕೊಂಡು ಕೂತಳು. ಇಪ್ಪತ್ತನಾಲ್ಕು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ತೋಟದ ವಿಸ್ತೀರ್ಣ. ನಾನು ಎದುರಿಗೆ ಕೂತು ಸೂಪರ್‌ವೈಸರ್ ಮೇಡಂನಂತೆ ತುಟಿಯ ಮೇಲೆ ಬೆರಳಿಟ್ಟೆ. ಅವಳು ನನ್ನನ್ನು ನೋಡಿದಳು. ಉತ್ತರ ಬರೆದು, ಅಭ್ಯಾಸಬಲದಿಂದ ಫ್ಯಾನಿನ ಕಡೆ ನೋಡಿದಳು. ನಾನೂ ನೋಡಿದೆ. ಅಷ್ಟೇ. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಆ ನೀರೆಲ್ಲ ನನ್ನ ಮುಖದ ಮೇಲೆ, ತೋಟದ ಮೇಲೆ. ಮುನ್ನೂರ ಅರವತ್ತು ಚದರ ಮೀಟರ್ ತೊಯ್ದು ತೊಪ್ಪೆಯಾಯಿತು. ನನ್ನ ಮನೆಯಲ್ಲಿ ನಾವು ಅಷ್ಟು ನಕ್ಕಿದ್ದು ಅದೇ ಕೊನೆ.

ಯಾಕೆಂದರೆ ಉಪಾಯ ಕೆಲಸ ಮಾಡಿತು. ವಾರ ಕಳೆಯುವುದರೊಳಗೆ ನೀರು ಅಲುಗದಂತೆ ಹದಿಮೂರರ ಮಗ್ಗಿ ಮುಗಿಸುತ್ತಿದ್ದಳು. ಆಮೇಲೆ ನೀರೂ ಬೇಡವಾಯಿತು. ಹಳೆಯ ಪ್ರಶ್ನೆಪತ್ರಿಕೆ ಇಟ್ಟು, ಗಡಿಯಾರ ಎದುರಿಗಿಟ್ಟು, ಪೂರ್ತಿ ಪರೀಕ್ಷೆ ಬರೆಸುತ್ತಿದ್ದೆ. ಕಡಲೆಬೀಜದ ಡಬ್ಬಿ ಅಡುಗೆಮನೆಗೆ ಹೋಯಿತು. ಚಾಪೆ ಹೋಗಿ ಊಟದ ಮೇಜು ಬಂತು. ಅವಳು ಒಂದು ತುದಿಗೆ, ನಾನು ಇನ್ನೊಂದು ತುದಿಗೆ. ಪೆನ್ನಿನ ಸದ್ದು, ಫ್ಯಾನಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ. ಬೇಸಿಗೆಯ ಸಂಜೆಗಳು ಉದ್ದ. ಎದುರಿಗೆ ಮಗು ಕೂತಿದೆ, ಮಾತಾಡುವಂತಿಲ್ಲ. ಒಬ್ಬಳೇ ಇದ್ದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ ನನಗೆ. ಮುಗಿದ ಮೇಲೆ ಅವಳು ಪೇಪರ್ ಕೊಟ್ಟು, "ಬರ್ತೀನ್ರಿ ಮೌಶಿ" ಅಂತ ಮೇಲೆ ಹೋಗುತ್ತಿದ್ದಳು. ನಾನು ಕೂತು ತಿದ್ದುತ್ತಿದ್ದೆ. ತಿದ್ದಲು ದಿನದಿಂದ ದಿನಕ್ಕೆ ಕಡಿಮೆ ಇರುತ್ತಿತ್ತು.

ಏಪ್ರಿಲ್‌ನಲ್ಲಿ ವಾರ್ಷಿಕ ಪರೀಕ್ಷೆ. ಗಣಿತದ ದಿನ ಬೆಳಿಗ್ಗೆಯಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಸ್ಕೂಲಿನಿಂದ ಯಾವ ಫೋನೂ ಬರಲಿಲ್ಲ. ಮಧ್ಯಾಹ್ನ ಬಸ್ಸಿನಿಂದ ಇಳಿದ ಗೌರಿ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಗೊತ್ತಾಯಿತು.

"ಮೌಶಿ, ಎಲ್ಲಾ ಬರ್ದೀನ್ರಿ! ಸೊನ್ನಿ ಹಾಕಿದ್ದೂ ಬರ್ದೀನ್ರಿ! ತಿರುಗಿ ನೋಡಾಕ ಟೈಮೂ ಉಳಿದಿತ್ರಿ!"

"ಬಾಯಿ?"

ಅವಳು ತುಟಿ ಒತ್ತಿ ಹಿಡಿದು, ಕಣ್ಣರಳಿಸಿ ತೋರಿಸಿದಳು. ನಾನು ಅವಳ ತಲೆ ಮುಟ್ಟಿ ನಟಿಕೆ ತೆಗೆದೆ. ಗೆದ್ದೆವು ಅಂದುಕೊಂಡೆ. ಜೂನ್‌ನಲ್ಲಿ ಎಂಟನೇ ಕ್ಲಾಸು, ಹೊಸ ಲೆಕ್ಕ, ಮತ್ತೆ ಚಾಪೆ, ಮತ್ತೆ ಹಾಡು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ಮಾತ್ರ ಬಾಯಿ ಮುಚ್ಚಿದರಾಯಿತು ಅಂತ ಮನಸ್ಸಿನಲ್ಲೇ ಟೈಮ್‌ಟೇಬಲ್ ಹಾಕಿಬಿಟ್ಟಿದ್ದೆ. ಆಸೆಗೇನು, ಹೇಳುವವರು ಕೇಳುವವರು ಇಲ್ಲ.

ಹೋದ ವಾರ ರಿಸಲ್ಟ್ ಬಂತು. ಸುಜಾತಾ ಪೇಡೆ ಹಿಡಿದುಕೊಂಡು ಬಂದಳು. ನನ್ನ ಕೈ ಹಿಡಿದು, "ನಿಮ್ಮಿಂದs ಆತ್ರಿ ಅಕ್ಕಾರ" ಅಂತ ಕಣ್ಣಿಗೆ ಒತ್ತಿಕೊಂಡಳು. ಅವಳ ಕೈ ಒಣಮೆಣಸಿನಕಾಯಿ ವಾಸನೆ ಹೊಡೆಯುತ್ತಿತ್ತು, ಅಂಗಡಿಯಿಂದ ಸೀದಾ ಬಂದಿದ್ದಳು. ಆಮೇಲೆ ಇನ್ನೊಂದು ಸುದ್ದಿ ಹೇಳಿದಳು. ಪರೀಕ್ಷೆ ಮುಗಿದ ಮೇಲೆ ಊರಾಚೆಯ ಒಂದು ರೆಸಿಡೆನ್ಶಿಯಲ್ ಸ್ಕೂಲಿನವರು ಸೆಲೆಕ್ಷನ್ ಟೆಸ್ಟ್ ಇಟ್ಟಿದ್ದರಂತೆ. ಸುಮ್ಮನೆ ಬರೆದು ನೋಡಲಿ ಅಂತ ಬಸವರಾಜ ಕಳಿಸಿದ್ದನಂತೆ. ಅಲ್ಲಿಯೂ ಗೌರಿ ಪೇಪರ್ ಪೂರ್ತಿ ಮುಗಿಸಿದ್ದಳಂತೆ.

"ಫೌಂಡೇಶನ್ ಬ್ಯಾಚಿಗೆ ಸೆಲೆಕ್ಟ್ ಆಗ್ಯಾಳ್ರಿ! ಜೂನ್‌ದಾಗ ಹಾಸ್ಟೆಲ್ಲಿಗೆ ಬಿಡಬೇಕು."

ಪೇಡೆ ಬಾಯಲ್ಲೇ ಉಳಿಯಿತು.

"ಅಲ್ಲs ಸುಜಾತಾ, ಮಾರ್ಕ್ಸ್ ಕಡಿಮಿ ಬಂದ್ರ ಹಾಸ್ಟೆಲ್ ಅಂದಿದ್ರಿ. ಜಾಸ್ತಿ ಬಂದ್ರೂ ಹಾಸ್ಟೆಲ್ಲೇನು?" ಅಂದೆ. ತಮಾಷೆಯ ದನಿಯಲ್ಲೇ ಕೇಳಿದೆ.

ಸುಜಾತಾ ನಕ್ಕಳು. "ಅದು ಬ್ಯಾರೆ, ಇದು ಬ್ಯಾರೆ ಅಕ್ಕಾರ. ಅದು ದಡ್ಡರಿಗೆ, ಇದು ಶಾಣ್ಯಾರಿಗೆ."

ನೋಡಿ, ಎಷ್ಟು ಸ್ಪಷ್ಟವಾದ ಉತ್ತರ! ನಮ್ಮ ಮಕ್ಕಳಿಗೆ ನಾವು ಎಂಥ ಪ್ರಶ್ನೆಪತ್ರಿಕೆ ತಯಾರು ಮಾಡಿದ್ದೇವೆ ನೋಡಿ. ಯಾವ ಲೆಕ್ಕ ಹೇಗೇ ಬಿಡಿಸಿದರೂ ಉತ್ತರ ಒಂದೇ, ಮನೆ ಬಿಡಬೇಕು.

"ಗೌರಿನ ಕೇಳೀರೇನು?"

"ಕೇಳೀವಲ್ರಿ. ಹೋಗ್ತಿಯಲಾ ಅಂದ್ವಿ. ಏನೂ ಅನ್ನಲಿಲ್ಲ. ಖುಷಿ ಆಗ್ಯಾಳ."

ಮರುದಿನ ಸಂಜೆ ಗೌರಿ ತಾನಾಗಿಯೇ ಬಂದಳು. ಪುಸ್ತಕವಿಲ್ಲ, ಪೆನ್ನಿಲ್ಲ. ನಾನು ಚಾಪೆ ಹಾಸಿದೆ. ಇಬ್ಬರೂ ಗೋಡೆಗೆ ಒರಗಿ ಕೂತೆವು. ಮಗ್ಗಿ ಹೇಳೋಣ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಿರಲಿಕ್ಕಿಲ್ಲ.

"ಹಾಸ್ಟೆಲ್ಲಿಗೆ ಹೋಗ್ತಿಯೇನು?" ಅಂತ ಕೇಳಿದೆ.

"ಗೊತ್ತಿಲ್ರಿ. ನಾ ಹೂಂ ಅಂದಿಲ್ಲ. ಊಹೂಂ ಅಂತನೂ ಅಂದಿಲ್ಲ. ಅಷ್ಟರಾಗ ಪಪ್ಪಾ ಸೂಟ್‌ಕೇಸ್ ಯಾವ ಕಲರ್ ಬೇಕು ಅಂದ್ರು." ಚಾಪೆಯ ಅಂಚಿನ ದಾರ ಕೀಳುತ್ತ ಕೂತಳು. ದಾರ ಬಿಡದೆ ಕೇಳಿದಳು: "ಮೌಶಿ, ನೀವು ಒಬ್ಬರs ಹೆಂಗ ಇರ್ತೀರಿ? ಅದಕ್ಕೇನರ ಟ್ರಿಕ್ ಐತೇನ್ರಿ?"

ಪೇಪರ್ ಮುಗಿಸುವುದಕ್ಕೆ ಟ್ರಿಕ್ ಇತ್ತು ನನ್ನ ಹತ್ತಿರ. ತಪ್ಪು ಹಿಡಿಯುವುದಕ್ಕೆ, ಬಾಯಿ ಮುಚ್ಚಿಸುವುದಕ್ಕೆ, ಎಲ್ಲದಕ್ಕೂ ಇತ್ತು. ಇದಕ್ಕೆ ಇರಲಿಲ್ಲ. ಮಗುವಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ಗೌರಿ. ಟೀವಿ ಹಚ್ಚಿ ಕುಂದರ್ತೀನಿ. ನೀ ಬರೂದು ಕಾಯ್ತೀನಿ."

ಅವಳು ನನ್ನ ತೋಳಿಗೆ ತಲೆ ಒರಗಿಸಿದಳು. ಅವಳಿಗೆ ಹನ್ನೆರಡು ವರ್ಷ. ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವಳು ಎದ್ದು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ಇದರಲ್ಲಿ ನಾನು ಬಾಯಿ ಹಾಕಬಹುದಾ? ನಾನು ಅವರ ಮನೆಯವಳಲ್ಲ. ಹಾಸ್ಟೆಲ್ ಬೇಡ ಅಂದರೆ ಅದು ಹುಡುಗಿಗಾಗಿ ಹೇಳುವುದೋ, ನನ್ನ ಸಂಜೆಗಾಗಿ ಹೇಳುವುದೋ? ಎರಡೂ ಅಂತ ನನಗೆ ಗೊತ್ತಿತ್ತು. ಆ ಸ್ಕೂಲು ಒಳ್ಳೆಯದೇ ಇರಬಹುದು. ಅಲ್ಲಿ ಅವಳಿಗೆ ಗೆಳತಿಯರು ಸಿಗಬಹುದು, ನನ್ನಂಥ ಮುದುಕಿಗಿಂತ ಚೆನ್ನಾಗಿ ಹೇಳಿಕೊಡುವವರು ಸಿಗಬಹುದು. ಬಸವರಾಜ, ಸುಜಾತಾ ಇಬ್ಬರೂ ಹುಡುಗಿಯ ಒಳ್ಳೆಯದಕ್ಕೇ ಹೆಣಗುತ್ತಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೂ ಮನಸ್ಸು ತಡೆಯಲಿಲ್ಲ. ಮೆಟ್ಟಿಲು ಹತ್ತಿದೆ.

ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ಬಸವರಾಜ ಶಿಫ್ಟಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಹಾಲಿನಲ್ಲಿ ಹೊಸ ಸೂಟ್‌ಕೇಸ್ ಪ್ಲಾಸ್ಟಿಕ್ ಕವರಿನೊಳಗೆ ನಿಂತಿತ್ತು. ಗುಲಾಬಿ ಬಣ್ಣ.

"ಆಕಿನ ಇನ್ನೊಮ್ಮೆ ಕೇಳ್ರಿ" ಅಂದೆ. "ಎದುರಿಗೆ ಕುಂದರಿಸಿಕೊಂಡು ಕೇಳ್ರಿ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರ್ರಿ. ಆಕಿ ಏನಂತಾಳ ನೋಡೋಣು."

ಸುಜಾತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಅವನು ಶೂ ಲೇಸು ಕಟ್ಟುತ್ತಲೇ, ಮರ್ಯಾದೆಯಿಂದಲೇ, ನಗುತ್ತಲೇ ಹೇಳಿದ: "ಅಡ್ಮಿಶನ್ ಆಗೇತ್ರಿ ಅಕ್ಕಾರ. ಈಗ ಕೇಳಿ ಏನು ಮಾಡೋದು? ಬೇಕಂದ್ರ ಕೇಳ್ತೀವಿ ಬಿಡ್ರಿ."

ಉತ್ತರ ಬರೆದಿಟ್ಟುಕೊಂಡ ಮೇಲೆ ಮಗುವನ್ನು ಕೇಳಿದರೆ, ಅದಕ್ಕೆ ಪ್ರಶ್ನೆ ಅನ್ನುತ್ತಾರಾ?